ಹಲ್ಲು ಕ್ಲೀನ್ ಮಾಡೋಕೂ ಒಂದು ಡಿಗ್ರಿನಾ?

ಇಂಜಿನಿಯರಿಂಗ್ ಸೇರಿದ ಮೇಲೆ ಊರಲ್ಲಿ ನಮಗೆ ಸಿಗೋ ಮೊದಲ ಕೆಲಸ ಯಾವುದು ಗೊತ್ತಾ? ಕರಿಯರ್ ಗೈಡೆನ್ಸ್! ಸಂಬಳ ಇಲ್ಲ ಅಷ್ಟೇ. ಪಂಪ್‌ಸೆಟ್ ಯಾಕೆ ಕೆಟ್ಟಿತು ಅನ್ನೋದರಿಂದ ಹಿಡಿದು ಮಕ್ಕಳನ್ನ ಯಾವ ಕೋರ್ಸಿಗೆ ಸೇರಿಸಬೇಕು ಅನ್ನೋವರೆಗೂ ಎಲ್ಲಾ ಪ್ರಶ್ನೆ ನಮಗೇ.

ಕಳೆದ ಸಲ ರಜಕ್ಕೆ ಹನೂರು ತಾಲೂಕಿನ ನಮ್ಮೂರು ಅಜ್ಜೀಪುರಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. "ಅಣ್ಣ, ಡೆಂಟಲ್ ಥೆರಪಿ ಅಂಡ್ ಹೈಜೀನ್ ಅಂತ ಡಿಗ್ರಿ ಇದೆಯಂತೆ. ಮೂರು ವರ್ಷ ಅಷ್ಟೇ, ಫಾರಿನ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಒಬ್ಬರು ಫೋನ್ ಮಾಡಿದ್ರು" ಅಂದಳು. ಚಿಕ್ಕಪ್ಪ ಆಗಲೇ ಎರಡೆಕರೆ ಹೊಲ ಅಡ ಇಡುವ ಲೆಕ್ಕಾಚಾರದಲ್ಲಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಕೂತು ಓದಿದೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬರಬಹುದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡೋಣ. ನಾವು ತಿಂದ ಸಿಹಿಯನ್ನು ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗೋಕೆ ಶುರುವಾಗುತ್ತದೆ. ಇದು ಮತ್ತೆ ಮತ್ತೆ ಆದರೆ ಹುಳುಕು. ಇನ್ನೊಂದು ಕಡೆ, ಇದೇ ಬ್ಯಾಕ್ಟೀರಿಯಾಗಳು ಹಲ್ಲಿನ ಬುಡದಲ್ಲಿ ಅಂಟಾದ ಒಂದು ಪದರ ಕಟ್ಟುತ್ತವೆ. ಅದೇ ಪ್ಲಾಕ್. ಉಜ್ಜದೆ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗುತ್ತದೆ. ಸಿಮೆಂಟ್ ಸೆಟ್ ಆದ ಹಾಗೆ ಅಂದುಕೊಳ್ಳಿ. ಆಮೇಲೆ ಬ್ರಷ್‌ಗೆ ಬಗ್ಗಲ್ಲ. ಅದರ ಮೇಲೆ ಮತ್ತೆ ಪ್ಲಾಕ್, ವಸಡಲ್ಲಿ ಊತ, ರಕ್ತ, ಕೊನೆಗೆ ಹಲ್ಲು ಹಿಡಿದಿಟ್ಟ ಮೂಳೆಯೇ ಸವೆಯುತ್ತದೆ.

ಈ ಗಟ್ಟಿ ಪಾಚಿ ತೆಗೆಯೋದೇ ಸ್ಕೇಲಿಂಗ್. ಇಲ್ಲಿ ನಮ್ಮ ವಿಷಯ ಬರುತ್ತೆ ನೋಡಿ. ಲ್ಯಾಬ್‌ನಲ್ಲಿ ದೂರ ಅಳೆಯೋಕೆ ಬಳಸುವ ಅಲ್ಟ್ರಾಸಾನಿಕ್ ಸೆನ್ಸರ್ 40 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದಲ್ಲ, ಅದೇ ಜಾತಿಯ ಪೀಜೋ ಹರಳು ಸ್ಕೇಲರ್‌ನೊಳಗೂ ಇರುತ್ತದೆ. ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಅದುರಿ ಪಾಚಿಯನ್ನು ಒಡೆಯುತ್ತದೆ. ಬಿಸಿಯಾಗದಿರಲಿ ಅಂತ ಜೊತೆಗೇ ನೀರು ಚಿಮ್ಮುತ್ತದೆ.

ನಮ್ಮಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ ಎರಡೂ ಅಭ್ಯಾಸ. ಹಲ್ಲು ತೋರಿಸು ಬಾ ಅಂದರೆ, "ಕ್ಲೀನ್ ಮಾಡುಸ್ಬುಟ್ರೆ ಇರೋ ಹಲ್ಲೂ ಅಲ್ಲಾಡ್ತವೆ ಕನ್ ಮಗ" ಅನ್ನುತ್ತಾರೆ. ಊರಲ್ಲಿ ಬಹಳ ಜನ ಹೀಗೇ ನಂಬಿದ್ದಾರೆ. ನಿಜ ಏನಪ್ಪಾ ಅಂದ್ರೆ, ಹಲ್ಲು ಅದಕ್ಕೂ ಮೊದಲೇ ಸಡಿಲವಾಗಿರುತ್ತದೆ. ಅಕ್ಕಪಕ್ಕದ ಹಲ್ಲುಗಳನ್ನು ಪಾಚಿ ಅಂಟಿನ ಹಾಗೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಸಡಿಲ ಆಗಿರೋದು ಗೊತ್ತಾಗುತ್ತೆ, ಅಷ್ಟೇ. ಇದನ್ನು ಅಜ್ಜಿಗೆ ಅರ್ಥವಾಗುವ ಮಾತಲ್ಲಿ ಕೂತು ಹೇಳೋದೂ ಡೆಂಟಲ್ ಹೈಜೀನಿಸ್ಟ್ ಕೆಲಸದ ಅರ್ಧ ಭಾಗ. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ವರದಿ ಪ್ರಕಟಿಸಿದ್ದು 2004ರಲ್ಲಿ. ನಮ್ಮ ಊರಿನ ಜಗಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಈ ವೃತ್ತಿ ಶುರುವಾದದ್ದು ಅಮೆರಿಕದಲ್ಲಿ. ಕನೆಕ್ಟಿಕಟ್‌ನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡೋದನ್ನು ಕಲಿಸಿದರು. 1913ರಲ್ಲಿ ಅದಕ್ಕೇ ಒಂದು ಶಾಲೆ ತೆರೆದರು. ನ್ಯೂಜಿಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ 1921ರಿಂದ ಶಾಲಾ ದಂತ ನರ್ಸ್‌ಗಳನ್ನು ತಯಾರು ಮಾಡಿತು. ಅವರು ಮಕ್ಕಳ ಹಲ್ಲಿಗೆ ಫಿಲ್ಲಿಂಗ್ ಕೂಡ ಮಾಡುತ್ತಿದ್ದರು. ಇವತ್ತಿನ ಡೆಂಟಲ್ ಥೆರಪಿಸ್ಟ್ ಬಂದದ್ದು ಆ ದಾರಿಯಿಂದ.

ಬ್ರಿಟನ್‌ನಲ್ಲಿ ಈಗ ಎರಡನ್ನೂ ಸೇರಿಸಿ ಮೂರು ವರ್ಷದ ಬಿಎಸ್ಸಿ ಇದೆ. ಶರೀರಶಾಸ್ತ್ರ, ಬಾಯಿಯ ರೋಗಗಳು, ಎಕ್ಸ್‌ರೇ, ಸೋಂಕು ತಡೆ ಎಲ್ಲ ಓದಬೇಕು. ಮೊದಲು ಬೊಂಬೆ ತಲೆಗಳ ಮೇಲೆ ಕೈ ಪಳಗಿಸಿ, ಆಮೇಲೆ ಮೇಲ್ವಿಚಾರಣೆಯಲ್ಲಿ ನಿಜವಾದ ರೋಗಿಗಳು. ಹೈಜೀನಿಸ್ಟ್ ಸ್ಕೇಲಿಂಗ್ ಮಾಡುತ್ತಾರೆ, ಫ್ಲೋರೈಡ್ ಹಚ್ಚುತ್ತಾರೆ. ಥೆರಪಿಸ್ಟ್ ಇದರ ಜೊತೆಗೆ ಫಿಲ್ಲಿಂಗ್ ಮಾಡಬಹುದು, ಹಾಲುಹಲ್ಲು ಕೀಳಬಹುದು. 2013ರಿಂದ ಅಲ್ಲಿ ರೋಗಿಗಳು ಮೊದಲು ದಂತವೈದ್ಯರನ್ನು ನೋಡದೆ ನೇರವಾಗಿ ಇವರ ಹತ್ತಿರ ಹೋಗಬಹುದು.

ಸರಿ, ನಮ್ಮ ದೇಶದಲ್ಲಿ? ಇಲ್ಲೇ ತಂಗಿಯ ಪ್ರಶ್ನೆಗೆ ಅಸಲಿ ಉತ್ತರ ಸಿಕ್ಕಿದ್ದು. 1948ರ ದಂತವೈದ್ಯರ ಕಾಯ್ದೆ ಮೂರು ಬಗೆಯವರನ್ನು ಗುರುತಿಸಿತು: ದಂತವೈದ್ಯರು, ಹಲ್ಲು ಶುಚಿ ಮಾಡಿ ಕಾಳಜಿ ಹೇಳಿಕೊಡುವ ಹೈಜೀನಿಸ್ಟ್, ಕೃತಕ ಹಲ್ಲು ತಯಾರಿಸುವ ಮೆಕ್ಯಾನಿಕ್. ಥೆರಪಿಸ್ಟ್ ಅನ್ನೋ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಒಪ್ಪಿದೆ. ಆದರೆ ಫಿಲ್ಲಿಂಗ್ ಇವತ್ತಿಗೂ ಇಲ್ಲಿ ದಂತವೈದ್ಯರದ್ದೇ ಕೆಲಸ. ಅಂದರೆ ಹೊರಗಡೆ ಥೆರಪಿಸ್ಟ್ ಆಗಿ ಓದಿ ಬಂದು, ಆ ಡಿಗ್ರಿ ಗೋಡೆಗೆ ನೇತುಹಾಕಿ ಹನೂರಿನಲ್ಲಿ ಹುಳುಕು ಹಲ್ಲು ತುಂಬೋಕೆ ಆಗಲ್ಲ.

ಇಲ್ಲಿರುವ ದಾರಿ ಎರಡು. ಒಂದು, ಪಿಯುಸಿ ವಿಜ್ಞಾನದ ನಂತರ ಎರಡು ವರ್ಷದ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ. ಖರ್ಚು, ಸಮಯ ಎರಡೂ ಕಡಿಮೆ. ಆದರೆ ಸಣ್ಣ ಕ್ಲಿನಿಕ್‌ಗಳಲ್ಲಿ ಡಾಕ್ಟರೇ ಸ್ಕೇಲಿಂಗ್ ಮಾಡಿಬಿಡೋದರಿಂದ ಕೆಲಸ ಸಿಗೋದು ಹೆಚ್ಚಾಗಿ ದಂತ ಕಾಲೇಜು, ದೊಡ್ಡ ಆಸ್ಪತ್ರೆಗಳಲ್ಲಿ. ಇನ್ನೊಂದು, ನೀಟ್ ಬರೆದು ಬಿಡಿಎಸ್. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ಕಡೆಯವರಿಗೆ ಮೈಸೂರಿನಲ್ಲೇ ಕಾಲೇಜುಗಳಿವೆ, ಸರ್ಕಾರಿ ಕಾಲೇಜು ಬೆಂಗಳೂರಿನಲ್ಲಿದೆ.

ತಂಗಿಗೆ ನಾನು ಹೇಳಿದ್ದು ಇಷ್ಟೇ: ಯಾವುದೇ ಆರೋಗ್ಯದ ಕೋರ್ಸ್ ಆಗಲಿ, ಫೀಸ್ ಎಷ್ಟು ಅನ್ನೋದಕ್ಕಿಂತ ಮೊದಲು "ಓದು ಮುಗಿದ ಮೇಲೆ ನನ್ನ ಹೆಸರು ಯಾವ ರಿಜಿಸ್ಟರ್‌ಗೆ ಸೇರುತ್ತೆ, ಯಾವ ದೇಶದಲ್ಲಿ?" ಅಂತ ಕೇಳು. ಬರವಣಿಗೆಯಲ್ಲೇ ಉತ್ತರ ತಗೋ. ನಾವು ಬಿಇ ಮುಗಿಸಿ ಯಾವ ರಿಜಿಸ್ಟರ್‌ನಲ್ಲೂ ಹೆಸರಿಲ್ಲದೆ ಕೆಲಸಕ್ಕೆ ಸೇರಬಹುದು. ಅವರಿಗೆ ಹಾಗಲ್ಲ. ನೋಂದಣಿ ಇಲ್ಲದಿದ್ದರೆ ಡಿಗ್ರಿ ಬರೀ ಕಾಗದ.

ಅವಳು ಫೋನ್ ಮಾಡಿದವರಿಗೆ ಇದನ್ನೇ ಕೇಳಿದಳು. "ಮೊದಲು ಅಡ್ವಾನ್ಸ್ ಕಟ್ಟಿ, ಆಮೇಲೆ ಹೇಳ್ತೀವಿ" ಅಂದರಂತೆ. ಹೊಲ ಸದ್ಯಕ್ಕೆ ಚಿಕ್ಕಪ್ಪನ ಹತ್ತಿರವೇ ಇದೆ. ಅವಳು ನೀಟ್‌ಗೆ ಓದುತ್ತಿದ್ದಾಳೆ, ಸೀಟು ಸಿಗದಿದ್ದರೆ ಡಿಪ್ಲೊಮಾ ಅಂತ ತೀರ್ಮಾನ. ಹಾಗೇ ಅಜ್ಜಿಯನ್ನೂ ಒಪ್ಪಿಸಿದ್ದಾಳೆ. ಹಬ್ಬ ಕಳೆದ ಮೇಲೆ ಕೊಳ್ಳೇಗಾಲಕ್ಕೆ ಹೋಗಿ ಹಲ್ಲು ತೋರಿಸೋದು ಅಂತ ಮಾತಾಗಿದೆ. ನಾನು ಎಷ್ಟು ಸಲ ಹೇಳಿದರೂ ಕೇಳದ ಅಜ್ಜಿ ಅವಳ ಮಾತು ಕೇಳಿದ್ದಾರೆ ಅಂದ ಮೇಲೆ, ಈ ಕೆಲಸ ಅವಳಿಗೆ ಒಗ್ಗುತ್ತೆ ಅಂತ ನನಗೆ ಅನ್ನಿಸಿದೆ.

ಅಂದ ಹಾಗೆ, ಬೆಳಗ್ಗೆ ಬ್ರಷ್ ಮಾಡುವಾಗ ನಿಮ್ಮ ವಸಡಲ್ಲಿ ರಕ್ತ ಬರುತ್ತಾ? ಇಂಟರ್ನಲ್ಸ್ ಮುಗಿಯಲಿ ಅಂತ ಕಾಯಬೇಡಿ, ಒಮ್ಮೆ ತೋರಿಸಿ ಬನ್ನಿ.