ಹುಡುಗೀರಿಗ್ಯಾಕೆ ಪಂದ್ಯ ಅಂದವರಿಗೆ ಗಾಲ್ಫ್ ಮೈದಾನದ ಉತ್ತರ

ಹುಡುಗಿಯರು ಆಡಲಿ, ಬೇಡ ಅಂದೋರ್ಯಾರು? ಆದರೆ ಪ್ರಶಸ್ತಿಗಾಗಿ ಸೆಣಸೋದು ಮಾತ್ರ ಬೇಡ! ಅಮೆರಿಕದ ಕಾಲೇಜುಗಳಲ್ಲಿ ಹೀಗೆ ಅಡ್ಡಗಾಲು ಹಾಕಿದವರಲ್ಲಿ ಮಹಿಳಾ ವ್ಯಾಯಾಮ ಶಿಕ್ಷಣದ ದೊಡ್ಡ ಮೇಡಂಗಳೂ ಇದ್ದರು. ಹುಡುಗರಿಗೋ, 1897ರಿಂದಲೇ ಕಾಲೇಜು ಗಾಲ್ಫ್ ಪಂದ್ಯಾವಳಿ ಇತ್ತು.

ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಗ್ಲಾಡಿಸ್ ಪಾಮರ್ ಜಗ್ಗಲಿಲ್ಲ. 1941ರಲ್ಲಿ ಕಾಲೇಜು ಹುಡುಗಿಯರ ರಾಷ್ಟ್ರೀಯ ಗಾಲ್ಫ್ ಪಂದ್ಯಾವಳಿ ನಡೆಸಿಯೇಬಿಟ್ಟರು. ಗೆದ್ದಾಕೆ ಅಲಬಾಮಾದ ಎಲೀನರ್ ಡಡ್ಲಿ. ಯುದ್ಧ ಬಂತು, ಪಂದ್ಯ ನಿಂತಿತು. 1946ರಲ್ಲಿ ಮತ್ತೆ ಶುರುವಾಯಿತು.

ಆದರೆ ಬರೀ ಹುಮ್ಮಸ್ಸಿನಿಂದ ತಂಡ ಕಟ್ಟೋಕಾಗುತ್ತಾ? ಕಾಸೂ ಬೇಕು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂಬ ಕಾಯಿದೆ 1972ರಲ್ಲಿ ಬಂದ ಮೇಲೆ ಬಾಗಿಲು ತೆರೆಯಿತು. ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆ ಎನ್‌ಸಿಎಎ 1982ರಲ್ಲಿ ಹುಡುಗಿಯರ ಗಾಲ್ಫ್ ಪಂದ್ಯಾವಳಿ ಶುರುಮಾಡಿತು. ಮೊದಲ ತಂಡ ಪ್ರಶಸ್ತಿ ಟಲ್ಸಾ ಪಾಲಾಯಿತು.

ಆಟದ ಲೆಕ್ಕ ಸುಲಭ. ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವರೇ ಮುಂದೆ. ತಂಡಕ್ಕೆ ಐವರು, ಪ್ರತಿ ಸುತ್ತಿನಲ್ಲೂ ಚೆನ್ನಾಗಿ ಆಡಿದ ನಾಲ್ವರ ಲೆಕ್ಕ ಹಿಡಿಯುತ್ತಾರೆ. ಒಬ್ಬಳು ಎಡವಿದರೂ ತಂಡ ಮುಳುಗದು. 2015ರಿಂದ ಕೊನೆಗುಳಿದ ಎಂಟು ತಂಡಗಳು ಮುಖಾಮುಖಿ ಸೆಣಸುತ್ತವೆ. ಐದರಲ್ಲಿ ಮೂರು ಗೆದ್ದವರು ಮುಂದಕ್ಕೆ.

2017ರಲ್ಲಿ ವೇಕ್ ಫಾರೆಸ್ಟ್‌ನ ಜೆನ್ನಿಫರ್ ಕಪ್ಚೊಗೆ ಒಂದೇ ಹೊಡೆತದಲ್ಲಿ ವೈಯಕ್ತಿಕ ಪ್ರಶಸ್ತಿ ಕೈತಪ್ಪಿತು. ಹುಡುಗಿ ಕೂತು ಅಳಲಿಲ್ಲ, 2018ರಲ್ಲಿ ಗೆದ್ದೇ ಗೆದ್ದಳು. 2012ರವರೆಗೆ ಹೆಂಗಸರಿಗೆ ಸದಸ್ಯತ್ವವನ್ನೇ ಕೊಡದಿದ್ದ ಅಗಸ್ಟಾ ನ್ಯಾಷನಲ್ ಕ್ಲಬ್ 2019ರಲ್ಲಿ ಮೊದಲ ಸಲ ಹವ್ಯಾಸಿ ಮಹಿಳೆಯರ ಪಂದ್ಯಾವಳಿ ನಡೆಸಿತು. ಅಲ್ಲೂ ಗೆದ್ದವಳು ಇದೇ ಕಪ್ಚೊ!