ಐಡಲ್ ವೇಗದಲ್ಲಿ ಎಂಜಿನ್ ತೈಲ ಒತ್ತಡದ ಕುಸಿತ

ಐಡಲ್ ವೇಗದಲ್ಲಿ ತೈಲ ಒತ್ತಡದ ಕುಸಿತ ಎಂದರೆ, ಎಂಜಿನ್ ತನ್ನ ಮೇಲೆ ಯಾವ ಭಾರವೂ ಇಲ್ಲದೆ ಕನಿಷ್ಠ ವೇಗದಲ್ಲಿ ತಿರುಗುತ್ತಿರುವಾಗ ಅದರ ತೈಲನಾಳಗಳಲ್ಲಿನ ಒತ್ತಡವು ತಯಾರಕರು ಸೂಚಿಸಿದ ಮಟ್ಟಕ್ಕಿಂತ ಕೆಳಗಿಳಿಯುವ ಸ್ಥಿತಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಮಿನುಗುವುದು ಅಥವಾ ಮಾಪಕದ ಮುಳ್ಳು ಸೊನ್ನೆಯತ್ತ ವಾಲುವುದು ಇದರ ಮೊದಲ ಸೂಚನೆ. ಕ್ರೀಡಾ ಕಾರು, ಲಾರಿ, ಟ್ರ್ಯಾಕ್ಟರ್, ಕಟಾವು ಯಂತ್ರ ಎಂಬ ಭೇದವಿಲ್ಲದೆ ಒತ್ತಡದಿಂದ ತೈಲ ಪಡೆಯುವ ಎಲ್ಲ ಎಂಜಿನ್‌ಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ.

ಇದು ಲಕ್ಷಣವೇ ಹೊರತು ರೋಗವಲ್ಲ. ಕಾರಣವು ಸಿಪ್ಪೆ ಸುಲಿದ ಒಂದು ತಂತಿಯಾಗಿರಬಹುದು, ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಸವೆದಿರುವುದೂ ಆಗಿರಬಹುದು. ತಂತಿಯ ದೋಷಕ್ಕೆ ಎಂಜಿನ್ ಬಿಚ್ಚಿಸಿದರೆ ಹಣ ಮತ್ತು ಹಂಗಾಮು ಎರಡೂ ಹೋಗುತ್ತವೆ. ಬೇರಿಂಗ್ ಸವೆತವನ್ನು ತಂತಿಯ ದೋಷವೆಂದು ಬಗೆದು ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸಬಲ್ಲದ್ದು ಯಾಂತ್ರಿಕ ಮಾಪಕದಿಂದ ಪಡೆದ ಅಳತೆ ಮಾತ್ರ.

ಒತ್ತಡದ ಮೂಲ

ತೈಲ ಪಂಪು ಒತ್ತಡವನ್ನು ಉತ್ಪಾದಿಸುತ್ತದೆ ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ಪಂಪು ಮಾಡುವುದು ತೈಲವನ್ನು ಹರಿಸುವ ಕೆಲಸವನ್ನಷ್ಟೆ. ಹರಿದ ತೈಲವು ಬೇರಿಂಗ್‌ಗಳ ಕಿರಿದಾದ ಸಂದುಗಳಿಂದ ಹೊರಬೀಳುವಾಗ ಎದುರಿಸುವ ಅಡೆತಡೆಯೇ ಒತ್ತಡವಾಗಿ ಕಾಣುತ್ತದೆ. ಆದ್ದರಿಂದ ಒತ್ತಡವು ಮೂರು ಅಂಶಗಳನ್ನು ಅವಲಂಬಿಸಿದೆ: ಹರಿವಿನ ಪ್ರಮಾಣ, ತೈಲದ ಸ್ನಿಗ್ಧತೆ ಮತ್ತು ಸಂದಿನ ಅಗಲ. ಇವುಗಳಲ್ಲಿ ಸಂದಿನ ಪಾತ್ರ ಅತಿ ದೊಡ್ಡದು. ಸೋರಿಕೆಯು ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ, 0.05 ಮಿ.ಮೀ. ಇದ್ದ ಸಂದು 0.07 ಮಿ.ಮೀ.ಗೆ ಹಿಗ್ಗಿದರೆ, ಅದೇ ಒತ್ತಡದಲ್ಲಿ ಸೋರುವ ತೈಲ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಕಣ್ಣಿಗೆ ಕಾಣದ ಸವೆತವೂ ಮಾಪಕದ ಮುಳ್ಳನ್ನು ಇಳಿಸುವುದು ಈ ಕಾರಣದಿಂದ.

ಪಂಪು ಎಂಜಿನ್‌ನಿಂದಲೇ ತಿರುಗುವುದರಿಂದ ವೇಗ ಹೆಚ್ಚಿದಂತೆ ಹರಿವೂ ಹೆಚ್ಚುತ್ತದೆ. ಅಧಿಕ ವೇಗದಲ್ಲಿ ತೈಲವು ಅಗತ್ಯಕ್ಕಿಂತ ಹೆಚ್ಚಾಗಿ ಬರುತ್ತದೆ; ಹೆಚ್ಚಾದದ್ದನ್ನು ರಿಲೀಫ್ ವಾಲ್ವ್ ತೆರೆದುಕೊಂಡು ಸಂಪಿಗೆ ಮರಳಿಸುತ್ತದೆ. ಹೀಗಾಗಿ ಬೇರಿಂಗ್ ಅಥವಾ ಪಂಪು ಸ್ವಲ್ಪ ಸವೆದಿದ್ದರೂ ಅಧಿಕ ವೇಗದಲ್ಲಿ ಅದು ಮರೆಯಾಗಿರುತ್ತದೆ. ಐಡಲ್‌ನಲ್ಲಿ ಈ ಹೆಚ್ಚುವರಿ ಇರುವುದಿಲ್ಲ. ಎಂಜಿನ್ ಬಿಸಿಯಾಗಿದ್ದರೆ ತೈಲವೂ ತೆಳುವಾಗಿರುತ್ತದೆ. ಸವೆತವು ಮೊದಲು ಗೋಚರಿಸುವ ಜಾಗ ಬಿಸಿ ಐಡಲ್.

ಬೇರಿಂಗ್‌ನೊಳಗೆ ಶಾಫ್ಟನ್ನು ಎತ್ತಿ ಹಿಡಿಯುವುದು ಪಂಪಿನ ಒತ್ತಡವಲ್ಲ ಎಂಬುದನ್ನೂ ಇಲ್ಲಿ ತಿಳಿದಿರಬೇಕು. 1883ರಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ರೈಲ್ವೆ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದಾಗ, ಬೇರಿಂಗ್‌ನ ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿ ಬಂತು. ರಂಧ್ರಕ್ಕೆ ಹೊಡೆದ ಬೆಣೆಯನ್ನೂ ಅದು ಹೊರದೂಡಿತು. ತಿರುಗುವ ಶಾಫ್ಟು ತಾನೇ ಎಣ್ಣೆಯನ್ನು ಬೆಣೆಯಾಕಾರದ ಸಂದಿಗೆ ಎಳೆದೊಯ್ದು ಅಧಿಕ ಒತ್ತಡದ ಪೊರೆಯನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದರು. ಪಂಪಿನ ಕೆಲಸ ಆ ಪೊರೆಗೆ ತೈಲವನ್ನು ಒದಗಿಸುತ್ತಿರುವುದು ಮತ್ತು ಬಿಸಿಯನ್ನು ಹೊತ್ತೊಯ್ಯುವುದು. ಭಾರವಿಲ್ಲದ ಐಡಲ್‌ನಲ್ಲಿ ಕಡಿಮೆ ಒತ್ತಡವೂ ಸಾಕಾಗುವುದು ಹೀಗೆ. ಪ್ರತಿ 1000 ಸುತ್ತಿಗೆ 10 ಪಿಎಸ್‌ಐ ಇರಬೇಕೆಂಬ ಹಳೆಯ ನಿಯಮ ಸ್ಥೂಲ ಅಂದಾಜು ಮಾತ್ರ. ಆಯಾ ಎಂಜಿನ್‌ನ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಕೈಪಿಡಿಗಳು ಬೇರೆ ಬೇರೆ ಮಾನಗಳನ್ನು ಬಳಸುವುದರಿಂದ 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ ಎಂಬುದು ನೆನಪಿನಲ್ಲಿರಲಿ.

ರಾಯಚೂರು ಸೀಮೆಯ ಸಂದರ್ಭ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಲ್ಲಿ ಈ ಪ್ರಶ್ನೆ ಎದುರಾಗುವುದು ಕ್ರೀಡಾ ಕಾರುಗಳಿಗಿಂತ ಹೆಚ್ಚಾಗಿ ಟ್ರ್ಯಾಕ್ಟರುಗಳಲ್ಲಿ. ಮಾನ್ವಿ ತಾಲ್ಲೂಕಿನ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ ದೇವದುರ್ಗದ ಜಮೀನುಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರು ಬರುತ್ತದೆ. ಕಾಲುವೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಗದ್ದೆ ಕೆಸರು ಮಾಡಿ ನಾಟಿ ಮುಗಿಸಬೇಕಾಗುವುದರಿಂದ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ದಿನವಿಡೀ ಭಾರದಲ್ಲಿ ದುಡಿಯುತ್ತದೆ. ಬದುವಿನ ಬಳಿ ನಿಲ್ಲಿಸಿದಾಗ, ಅಥವಾ ಹತ್ತಿ ತುಂಬಿದ ಟ್ರೇಲರ್ ಎಳೆದುಕೊಂಡು ರಾಯಚೂರಿನ ಎಪಿಎಂಸಿ ಪ್ರಾಂಗಣಕ್ಕೆ ಬಂದು ನಿಂತಾಗ, ಎಂಜಿನ್ ಐಡಲ್‌ಗೆ ಇಳಿಯುತ್ತದೆ. ದೀಪ ಮಿನುಗುವುದು ಆಗಲೇ. ಆಕ್ಸಲರೇಟರ್ ಸ್ವಲ್ಪ ಎಳೆದರೆ ದೀಪ ಆರುತ್ತದೆ, ಮತ್ತು ಬಹುಮಟ್ಟಿಗೆ ವಿಷಯ ಅಲ್ಲಿಗೇ ಮರೆತುಹೋಗುತ್ತದೆ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಡೀಸೆಲ್ ಎಂಜಿನ್‌ಗಳಿಗೆ ಹೆಚ್ಚಾಗಿ ಬಳಸುವ 15ಡಬ್ಲ್ಯು-40 ತೈಲದ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಚದರ ಮಿ.ಮೀ. ಪ್ರತಿ ಸೆಕೆಂಡಿನ ಒಳಗಿರಬೇಕು. ಅದೇ ತೈಲ 40 ಡಿಗ್ರಿಯಲ್ಲಿ ಇದರ ಏಳೆಂಟು ಪಟ್ಟು ದಪ್ಪವಾಗಿರುತ್ತದೆ. ರೇಡಿಯೇಟರಿಗೆ ಭತ್ತದ ಹೊಟ್ಟು ಮತ್ತು ಧೂಳು ಮೆತ್ತಿ ತೈಲದ ತಾಪ 100 ಡಿಗ್ರಿಯನ್ನೂ ಮೀರಿದರೆ ಸ್ನಿಗ್ಧತೆ ಮತ್ತಷ್ಟು ಕುಸಿಯುತ್ತದೆ. ಇಂಥ ಕಡೆ ರೇಡಿಯೇಟರ್ ತೊಳೆದ ಮಾತ್ರಕ್ಕೆ ಒತ್ತಡ ಸರಿಹೋಗುವುದುಂಟು. ದೋಷ ತೈಲದ್ದೂ ಅಲ್ಲ, ಬೇರಿಂಗ್‌ನದ್ದೂ ಅಲ್ಲ.

ಪತ್ತೆಹಚ್ಚುವ ಕ್ರಮ

ದೀಪ ಹತ್ತಿದೊಡನೆ ಎಂಜಿನ್ ನಿಲ್ಲಿಸಿ, ಸಮತಟ್ಟಾದ ನೆಲದಲ್ಲಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಕಾರಣ ಅಲ್ಲಿಯೇ ಸಿಗಬಹುದು. ಮಟ್ಟ ಹೆಚ್ಚಾಗಿದ್ದರೆ ಸಮಾಧಾನಪಡುವುದಕ್ಕಿಂತ ಅನುಮಾನಪಡುವುದು ಒಳ್ಳೆಯದು. ಇಂಜೆಕ್ಷನ್ ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಸೋರಿ ತೈಲಕ್ಕೆ ಸೇರುತ್ತಿದ್ದರೆ ಮಟ್ಟ ಏರುತ್ತದೆ, ತೈಲ ತೆಳುವಾಗುತ್ತದೆ, ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ತೈಲವು ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ ಎಂದರ್ಥ. ಕೊನೆಯ ಬಾರಿ ತೈಲ ಬದಲಾಯಿಸಿ ಎಷ್ಟು ಗಂಟೆ ಓಡಿದೆ ಎಂಬುದನ್ನು ಅವರ್ ಮೀಟರಿನಿಂದ ತಿಳಿಯಬಹುದು.

ಅನಂತರ ಸೂಚಕವನ್ನು ಪರೀಕ್ಷಿಸಬೇಕು. ಸಾಮಾನ್ಯ ಒತ್ತಡದ ಸ್ವಿಚ್ಚಿನಲ್ಲಿ ಒತ್ತಡವಿಲ್ಲದಾಗ ತಂತಿ ಬಾಡಿಗೆ ಅರ್ಥ್ ಆಗಿ ದೀಪ ಹತ್ತುತ್ತದೆ. ಒತ್ತಡ ಬಂದಾಗ ಸಂಪರ್ಕ ಕಡಿದು ದೀಪ ಆರುತ್ತದೆ. ಸ್ವಿಚ್ಚಿನಿಂದ ತಂತಿ ಕಳಚಿದ ಮೇಲೂ ದೀಪ ಹತ್ತಿಯೇ ಇದ್ದರೆ ತಂತಿ ಎಲ್ಲೋ ಸುಲಿದು ಬಾಡಿಗೆ ತಾಗುತ್ತಿದೆ. ತಂತಿ ಸರಿಯಿದ್ದರೆ ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಯಾಂತ್ರಿಕ ಮಾಪಕವನ್ನು ಕೂರಿಸಬೇಕು. ಮರೆಯ ಅಳತೆ ಚೆನ್ನಾಗಿ ಹೊಂದದೆ ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ಮರೆ ಹಾಳಾಗುತ್ತದೆ.

ತಣ್ಣಗಿರುವಾಗ ತೆಗೆದ ಅಳತೆಯಿಂದ ಹೆಚ್ಚೇನೂ ತಿಳಿಯದು. ಅರ್ಧ ಗಂಟೆಯಾದರೂ ಕೆಲಸ ಮಾಡಿಸಿ ತೈಲ ನಿಜವಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ, 1000 ಸುತ್ತಿನಲ್ಲಿ, 2000 ಸುತ್ತಿನಲ್ಲಿ ಒತ್ತಡವನ್ನು ಬರೆದುಕೊಳ್ಳಬೇಕು. ನೀರಿನ ತಾಪಮಾಪಕ ಬಿಸಿ ತೋರಿಸಿದಾಗಲೂ ತೈಲ ಇನ್ನೂ ಬೆಚ್ಚಗೆ ಮಾತ್ರ ಇರಬಹುದು.

ಮಾಪಕದಲ್ಲಿ ಒತ್ತಡ ಸರಿಯಿದ್ದರೆ ದೋಷ ಸ್ವಿಚ್ಚಿನದು. ಎಂಜಿನ್ ಮುಟ್ಟುವ ಅಗತ್ಯವಿಲ್ಲ. ಎಲ್ಲ ವೇಗಗಳಲ್ಲಿಯೂ ಒತ್ತಡ ಕಡಿಮೆಯಿದ್ದರೆ ಸ್ಟ್ರೇನರ್ ಕಟ್ಟಿರುವುದು, ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿರುವುದು ಅಥವಾ ಪಂಪು ತೀರ ಸವೆದಿರುವುದು ಕಾರಣವಾಗಿರಬಹುದು. ಮುಳ್ಳು ನಡುಗುತ್ತಿದ್ದರೆ ಹೀರುಕೊಳವೆಯ ಜೋಡಣೆಯಿಂದ ಗಾಳಿ ಎಳೆಯುತ್ತಿರುವ ಸಾಧ್ಯತೆಯಿದೆ. ಒತ್ತಡ ಮೊದಲು ಚೆನ್ನಾಗಿದ್ದು, ಅಧಿಕ ವೇಗದಲ್ಲಿ ಓಡಿದ ಮೇಲೆ ನಿಧಾನವಾಗಿ ಬಿದ್ದರೆ ಸಂಪಿನ ಕೊಳೆ ಸ್ಟ್ರೇನರಿಗೆ ಎಳೆಯಲ್ಪಡುತ್ತಿದೆ. ಅಧಿಕ ವೇಗದಲ್ಲಿ ಸರಿಯಿದ್ದು ಬಿಸಿ ಐಡಲ್‌ನಲ್ಲಿ ಮಾತ್ರ ಕುಸಿಯುವುದು ತೆಳುವಾದ ತೈಲದ, ಸವೆದ ಪಂಪಿನ ಅಥವಾ ಹಿಗ್ಗಿದ ಬೇರಿಂಗ್ ಸಂದಿನ ಲಕ್ಷಣ. ಈ ಮೂರರಲ್ಲಿ ತೈಲವನ್ನು ಬದಲಾಯಿಸಿ ನೋಡುವುದು ಎಲ್ಲಕ್ಕಿಂತ ಸುಲಭ. ಕೈಪಿಡಿ ಹೇಳಿದ ಶ್ರೇಣಿಯ ಹೊಸ ತೈಲ ಮತ್ತು ಹೊಸ ಫಿಲ್ಟರ್ ಹಾಕಿ ಅದೇ ಬಿಸಿಯಲ್ಲಿ ಮತ್ತೆ ಅಳೆಯಬೇಕು.

ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಬೇಕು. ಮಿನುಗುವ ಚೂರುಗಳು ಅಯಸ್ಕಾಂತಕ್ಕೆ ಅಂಟಿದರೆ ಅವು ಉಕ್ಕಿನ ಬಿಡಿಭಾಗಗಳಿಂದ ಬಂದವು. ಅಂಟದೆ ಬೆಳ್ಳಗೆ ಹೊಳೆದರೆ ಬೇರಿಂಗ್ ಲೋಹವಿರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗ್‌ನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿದೆ ಎಂದು ಶಂಕಿಸಬೇಕು. ಜೊತೆಗೆ ಎಂಜಿನ್ ಒಳಗಿನಿಂದ ಬಡಿತದ ಸದ್ದೂ ಬರುತ್ತಿದ್ದರೆ ಮತ್ತೆ ಚಾಲೂ ಮಾಡಬಾರದು.

ಸಂಪು ಇಳಿಸಿದ ಮೇಲೆ ಸ್ಟ್ರೇನರ್, ಪಂಪಿನ ಗೇರುಗಳ ಸಂದು ಮತ್ತು ಬೇರಿಂಗ್‌ಗಳನ್ನು ಒಂದೇ ಸಲಕ್ಕೆ ನೋಡಬಹುದು. ಬೇರಿಂಗ್ ಸಂದನ್ನು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯಿಂದ ಅಳೆಯುತ್ತಾರೆ: ಎಳೆಯನ್ನು ಜರ್ನಲ್ ಮೇಲಿಟ್ಟು ಕ್ಯಾಪನ್ನು ನಿಗದಿತ ಬಿಗಿತಕ್ಕೆ ಕೂರಿಸಿ ಬಿಚ್ಚಿದಾಗ, ಚಪ್ಪಟೆಯಾದ ಅಗಲದಿಂದ ಸಂದು ತಿಳಿಯುತ್ತದೆ. ಜರ್ನಲ್ ಸವೆದಿದ್ದರೆ ಹೊಸ ಬೇರಿಂಗ್ ಮಾತ್ರ ಹಾಕಿ ಪ್ರಯೋಜನವಿಲ್ಲ. ಕ್ರ್ಯಾಂಕ್‌ಶಾಫ್ಟನ್ನು 0.25 ಅಥವಾ 0.50 ಮಿ.ಮೀ. ಕಡಿಮೆ ಅಳತೆಗೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಕೂರಿಸಬೇಕಾಗುತ್ತದೆ.

ಬಳಕೆಯಲ್ಲಿರುವ ತಪ್ಪು ಪರಿಹಾರಗಳು

ಐಡಲ್ ವೇಗವನ್ನು ಏರಿಸಿ ದೀಪ ಆರಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ಉಪಾಯ. ಸಂದು ಮೊದಲಿನಷ್ಟೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಇಲ್ಲವಾಗುತ್ತದೆ. ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ವಾಷರ್ ಇಟ್ಟು ಒತ್ತಡ ಏರಿಸುವ ರೂಢಿಯೂ ಇದೆ. ಆದರೆ ಆರೋಗ್ಯವಾಗಿರುವ ವಾಲ್ವ್ ಐಡಲ್‌ನಲ್ಲಿ ಮುಚ್ಚಿಯೇ ಇರುತ್ತದೆ. ವಾಷರ್‌ನಿಂದ ಏರುವುದು ಅಧಿಕ ವೇಗದ ಗರಿಷ್ಠ ಒತ್ತಡವೇ ಹೊರತು ಐಡಲ್ ಒತ್ತಡವಲ್ಲ. ತಣ್ಣಗಿನ ಎಂಜಿನ್‌ನಲ್ಲಿ ಅತಿಯಾದ ಒತ್ತಡಕ್ಕೆ ಫಿಲ್ಟರ್ ಸೀಲ್ ಒಡೆಯಬಹುದು. ದಪ್ಪ ತೈಲ ಹಾಕಿದರೆ ಐಡಲ್ ಒತ್ತಡ ಏರುತ್ತದೆ ನಿಜ. ಕೈಪಿಡಿ ಬಿಸಿ ಸೀಮೆಗೆ ಅನುಮತಿಸಿದ ಶ್ರೇಣಿಯಾಗಿದ್ದರೆ ಅದು ನ್ಯಾಯವೇ. ಸವೆತವನ್ನು ಮುಚ್ಚಿ ಒಂದು ಹಂಗಾಮು ದಾಟಿಸಲು ಹಾಕಿದ್ದಾದರೆ ಅದು ಸಾಲದಂತೆ.

ರಾಯಚೂರು ಬಳಿಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಾಖೋತ್ಪನ್ನ ಸ್ಥಾವರದ ಟರ್ಬೈನುಗಳಂಥ ದೊಡ್ಡ ಯಂತ್ರಗಳಲ್ಲಿ ಬೇರಿಂಗ್ ತೈಲದ ಒತ್ತಡ ಇಳಿದರೆ ಸಹಾಯಕ ಪಂಪು ತಾನಾಗಿ ಚಾಲೂ ಆಗುತ್ತದೆ. ಇನ್ನೂ ಇಳಿದರೆ ಯಂತ್ರವೇ ನಿಲ್ಲುತ್ತದೆ. ಸಾಮಾನ್ಯ ಟ್ರ್ಯಾಕ್ಟರಿಗೆ ಇರುವ ರಕ್ಷಣೆ ಒಂದು ಕೆಂಪು ದೀಪ ಮತ್ತು ಅದನ್ನು ನೋಡುವ ಚಾಲಕ.

ಕ್ರೀಡಾ ಕಾರುಗಳ ವಿಶೇಷ

ಕ್ರೀಡಾ ಕಾರುಗಳಲ್ಲಿ ತತ್ತ್ವ ಇದೇ ಆದರೂ ಮೂರು ವ್ಯತ್ಯಾಸಗಳಿವೆ. ಅಧಿಕ ವೇಗಕ್ಕಾಗಿ ಬೇರಿಂಗ್ ಸಂದುಗಳನ್ನು ಸ್ವಲ್ಪ ಸಡಿಲವಾಗಿಟ್ಟು ದಪ್ಪ ತೈಲ ಸೂಚಿಸಿರುವ ಎಂಜಿನ್‌ಗಳುಂಟು. ಅವುಗಳಿಗೆ ಸಾಮಾನ್ಯ ಕಾರಿನ ತೆಳು ತೈಲ ಹಾಕಿದರೆ ಬಿಸಿ ಐಡಲ್‌ನಲ್ಲಿ ದೀಪ ಮಿನುಗುವುದು ಸಹಜ. ತಿರುವಿನಲ್ಲಿ ತೈಲ ಒಂದು ಬದಿಗೆ ಸರಿದು ಹೀರುಕೊಳವೆಯ ಬಾಯಿ ಬರಿದಾದರೆ ಒತ್ತಡ ಕ್ಷಣಕಾಲ ಬೀಳುತ್ತದೆ. ಇದನ್ನು ತಡೆಯಲು ತೈಲವನ್ನು ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ಬಳಸುತ್ತಾರೆ. ಗದ್ದೆಯಲ್ಲಿ ಒಂದು ಚಕ್ರ ಹೂತು ವಾಲಿದ ಟ್ರ್ಯಾಕ್ಟರಿನಲ್ಲಿ ದೀಪ ಹತ್ತುವುದಕ್ಕೂ ಇದೇ ಕಾರಣವಿರಬಹುದು. ಮೂರನೆಯದು ಮಾಪಕವೇ. ಮಜ್ದಾ ಎಂಎಕ್ಸ್-5 ಕಾರಿನ ಆರಂಭದ ಮಾದರಿಗಳಲ್ಲಿ ನಿಜವಾದ ಒತ್ತಡಮಾಪಕವಿತ್ತು. 1995ರ ಮಾದರಿಯಿಂದ ಮುಳ್ಳು ಇದ್ದರೂ ಅದು ಸ್ವಿಚ್ಚಿನಂತೆ ವರ್ತಿಸಿ, ಕನಿಷ್ಠ ಒತ್ತಡವಿದ್ದರೆ ನಡುವೆ ನಿಲ್ಲುತ್ತದೆ. ಅಂಥ ಮುಳ್ಳನ್ನು ನಂಬಿ ಎಂಜಿನ್ ಚೆನ್ನಾಗಿದೆ ಎನ್ನಲಾಗದು. ಈಚಿನ ಕೆಲವು ಕಾರುಗಳಲ್ಲಿ ಪಂಪಿನ ಹರಿವನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಐಡಲ್ ಒತ್ತಡವನ್ನು ಇಂಧನ ಉಳಿತಾಯಕ್ಕಾಗಿ ಬೇಕೆಂದೇ ತಗ್ಗಿಸಿರುತ್ತಾರೆ.

ದುರಸ್ತಿಯ ಬಳಿಕ

ಬೇರಿಂಗ್ ಅಥವಾ ಪಂಪು ಬದಲಾಯಿಸಿದ ಎಂಜಿನ್‌ನ ತೈಲನಾಳಗಳು ಬರಿದಾಗಿರುತ್ತವೆ. ಪಂಪಿಗೆ ಮತ್ತು ಫಿಲ್ಟರಿಗೆ ಮೊದಲೇ ತೈಲ ತುಂಬಿ, ಡೀಸೆಲ್ ಬಂದ್ ಮಾಡಿ, ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ ಮಾಪಕದ ಮುಳ್ಳು ಏಳುವುದನ್ನು ನೋಡಿದ ಮೇಲೆಯೇ ಚಾಲೂ ಮಾಡಬೇಕು. ಆ ದಿನದ ಬಿಸಿ ಐಡಲ್ ಒತ್ತಡವನ್ನು ಅವರ್ ಮೀಟರಿನ ಅಂಕಿಯೊಡನೆ ಬರೆದಿಟ್ಟರೆ, ಮುಂದಿನ ಬಾರಿ ದೀಪ ಮಿನುಗಿದಾಗ ಹೋಲಿಸಲು ಒಂದು ಆಧಾರವಿರುತ್ತದೆ.