ಬ್ಯಾಂಕಾಕ್‌ಗೆ ಜೋಡಿಯಾಗಿ, ಮೊದಲ ಸಲ

ಇಬ್ಬರೇ ಮೊದಲ ಸಲ ಬ್ಯಾಂಕಾಕ್‌ಗೆ ಹೊರಟಿದ್ದೀರಾ? ಮಾಲ್‌ಗಳು ಸಂಜೆಗಿರಲಿ. ಬೆಳಿಗ್ಗೆಯೇ ಬಿಟಿಎಸ್ ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಬನ್ನಿ. ಕೆಳಗಿಳಿದರೆ ಚಾವೊ ಫ್ರಾಯಾ ನದಿ. ಕಿತ್ತಳೆ ಬಾವುಟದ ದೋಣಿ ಹತ್ತಿ, ತಾ ಚಾಂಗ್‌ನಲ್ಲಿ ಇಳಿಯಿರಿ. ಟ್ರಾಫಿಕ್ ಕಾಟವೇ ಇಲ್ಲ.

ಅಲ್ಲೇ ಗ್ರ್ಯಾಂಡ್ ಪ್ಯಾಲೆಸ್. 1782ರಲ್ಲಿ ಕಟ್ಟಲು ಶುರುವಾದ ಅರಮನೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಬ್ಬರಿಗೂ ಕಡ್ಡಾಯ.

ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತಲಿನ ಪಡಸಾಲೆಯಲ್ಲಿ ಮಾತ್ರ ಅವಸರ ಮಾಡಬೇಡಿ. ಗೋಡೆಯುದ್ದಕ್ಕೂ 178 ಚಿತ್ರಗಳಲ್ಲಿ ರಾಮಾಯಣ! ಥಾಯ್ ಜನರ ರಾಮಕಿಯನ್. ಇಲ್ಲಿನ ಹನುಮ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಅಡ್ಡ ಬಂದ ಮತ್ಸ್ಯಕನ್ಯೆ, ಅದೂ ರಾವಣನ ಮಗಳು, ಅವಳನ್ನೇ ಒಲಿಸಿಕೊಳ್ಳುತ್ತಾನೆ. ನಮಗೆ ಗೊತ್ತಿರುವ ಕಥೆ ಬೇರೆ ನೆಲದಲ್ಲಿ ಎಷ್ಟು ಚೆಂದ ಬೆಳೆದಿದೆ ನೋಡಿ! ಬ್ಯಾಂಕಾಕ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ.

ಪಕ್ಕದ ವಾಟ್ ಫೋ ಗುಡಿಯಲ್ಲಿ 46 ಮೀಟರ್ ಉದ್ದದ, ಮಲಗಿರುವ ಬುದ್ಧ. ಪಾದ ನೋಡದೆ ಬರಬೇಡಿ. ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಎದುರು ದಡದಲ್ಲಿ ವಾಟ್ ಅರುಣ್ ಗುಡಿ, ದೋಣಿಯಲ್ಲಿ ದಾಟಿದರಾಯಿತು.

ಒಂದು ಎಚ್ಚರಿಕೆ. ಅರಮನೆಯ ಹೊರಗೆ ಯಾರಾದರೂ, ‘ಇವತ್ತು ಮುಚ್ಚಿದೆ, ಟುಕ್‌ಟುಕ್‌ನಲ್ಲಿ ಬೇರೆ ಕಡೆ ಕರೆದುಕೊಂಡು ಹೋಗ್ತೀನಿ’ ಅಂದರೆ ನಂಬಬೇಡಿ. ನೇರವಾಗಿ ಟಿಕೆಟ್ ಕೌಂಟರಿಗೇ ಹೋಗಿ ಕೇಳಿ.